ಎಲುಬಿನ ಋಣ

ಇಂಡೊನೇಷ್ಯಾದ ಉತ್ತರ ಸುಮಾತ್ರದ ಪರಪಾಟ್ ಪಟ್ಟಣದಲ್ಲಿ ಲಾಂಚು ಹತ್ತಿದರೆ ಗಂಟೆಯೊಳಗೆ ತೋಬಾ ಸರೋವರದ ನಡುವಿನ ಸಮೋಸಿರ್ ದ್ವೀಪದ ತೊಮೊಕ್ ಬರುತ್ತದೆ. ರಜೆಯ ದಿನಗಳಲ್ಲಿ ಈ ಲಾಂಚುಗಳ ತುಂಬ ಸಂಸಾರಗಳೇ. ಮೇದಾನ್ ನಗರದಿಂದ ಬಂದವರು, ಜಕಾರ್ತದಿಂದ ವಿಮಾನದಲ್ಲಿ ಬಂದು ಇಳಿದವರು, ಅಜ್ಜಿಯ ಕೈ ಹಿಡಿದ ಮೊಮ್ಮಕ್ಕಳು, ತಿಂಡಿಯ ಪೊಟ್ಟಣ, ಮೋಟಾರ್ ಬೈಕು. ತೊಮೊಕ್ ದಾಟಿ ದ್ವೀಪದ ಒಳಕ್ಕೆ ಹೋಗುತ್ತಿದ್ದಂತೆ ಗದ್ದೆಗಳ ನಡುವೆ, ದಿಬ್ಬಗಳ ನೆತ್ತಿಯಲ್ಲಿ ಬಣ್ಣ ಬಳಿದ ಕಾಂಕ್ರೀಟ್ ಕಟ್ಟಡಗಳು ಕಾಣುತ್ತವೆ. ಕೆಲವಕ್ಕೆ ಎರಡು ಮೂರು ಅಂತಸ್ತು. ಕೆಲವುಗಳ ತುದಿಯಲ್ಲಿ ಶಿಲುಬೆ, ಕೆಲವುಗಳ ಮೇಲೆ ಅಲ್ಲಿನ ಬಟಾಕ್ ಜನರ ಮನೆಗಳ ಬಾಗಿದ ಮಾಡಿನ ಪುಟ್ಟ ಪ್ರತಿರೂಪ. ಪಕ್ಕದ ಮನೆಯ ತಗಡಿನ ಮಾಡು ತುಕ್ಕು ಹಿಡಿದಿದ್ದರೂ ಇವಕ್ಕೆ ಹೊಸ ಸುಣ್ಣಬಣ್ಣ ತಪ್ಪುವುದಿಲ್ಲ.

ಅವು ಗೋರಿಗಳು. ಅಲ್ಲಿನವರು ತುಗು ಎನ್ನುತ್ತಾರೆ. ಒಂದೊಂದರಲ್ಲಿ ಒಂದು ಕುಲದ ಹಲವು ತಲೆಮಾರುಗಳ ಎಲುಬುಗಳಿವೆ.

ಬದುಕಿರುವವರು ಸತ್ತವರಿಗೆ ಏನು ಕೊಡಬೇಕು, ಎಷ್ಟು ಕಾಲ ಕೊಡಬೇಕು ಎಂಬ ಪ್ರಶ್ನೆಯನ್ನು ಎಲ್ಲ ಧರ್ಮಗಳೂ ಒಂದಲ್ಲ ಒಂದು ಬಗೆಯಲ್ಲಿ ಬಿಡಿಸಿಕೊಂಡಿವೆ. ಹಿಂದೂಗಳಲ್ಲಿ ಬಹುಪಾಲು ಜನ ದೇಹವನ್ನು ಸುಟ್ಟು, ಅಸ್ಥಿಯನ್ನು ನೀರಿಗೆ ಬಿಟ್ಟು, ವರ್ಷಕ್ಕೊಮ್ಮೆ ತಿಥಿ ಮಾಡಿ ಪಿತೃಋಣ ತೀರಿಸುತ್ತಾರೆ. ಮೂರು ತಲೆಮಾರು ಕಳೆದರೆ ಪಿಂಡ ಪ್ರದಾನದಲ್ಲಿ ಹೆಸರು ಹೇಳುವುದೂ ನಿಲ್ಲುತ್ತದೆ. ಸಮೋಸಿರ್‌ನ ತೋಬಾ ಬಟಾಕರದು ಇದಕ್ಕೆ ತೀರ ಎದುರು ದಾರಿ. ಅವರು ಎಲುಬನ್ನು ಬಿಡುವುದಿಲ್ಲ, ಮತ್ತೆ ಅಗೆದು ತೆಗೆಯುತ್ತಾರೆ. ಕಾಲ ಕಳೆದಂತೆ ಸತ್ತವರು ದೂರವಾಗುವುದಿಲ್ಲ, ಎತ್ತರಕ್ಕೇರುತ್ತಾರೆ. ಏರಿಸಬೇಕಾದವರು ಮಕ್ಕಳು ಮೊಮ್ಮಕ್ಕಳು.

ಈ ವಿಧಿಯ ಹೆಸರು ಮಂಗೊಂಗ್ಕಾಲ್ ಹೋಲಿ. ಸತ್ತು ಹತ್ತಾರು ವರ್ಷ ಕಳೆದ ಮೇಲೆ, ಕೆಲವೊಮ್ಮೆ ಒಂದೆರಡು ತಲೆಮಾರೇ ಕಳೆದ ಮೇಲೆ, ವಂಶಸ್ಥರೆಲ್ಲ ಸೇರಿ ಹಳೆಯ ಗೋರಿಯನ್ನು ಅಗೆಯುತ್ತಾರೆ. ಊರು ಬಿಟ್ಟವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಎಷ್ಟೋ ಮಕ್ಕಳಿಗೆ ದ್ವೀಪದ ಮೊದಲ ಪರಿಚಯ ಆಗುವುದೇ ಈ ಪ್ರಯಾಣದಲ್ಲಿ. ಪಾದ್ರಿ ಪ್ರಾರ್ಥನೆ ಮಾಡಿದ ಮೇಲೆ ಗುದ್ದಲಿ ನೆಲಕ್ಕೆ ಬೀಳುತ್ತದೆ. ಮೇಲಿನ ಮಣ್ಣು ಹೋದ ಮೇಲೆ ಗುದ್ದಲಿ ಬದಿಗಿಟ್ಟು ಕೈಯಿಂದಲೇ ಮಣ್ಣು ಬಿಡಿಸುತ್ತಾರೆ, ಬೆರಳ ಗಾತ್ರದ ಮೂಳೆಯೂ ತಪ್ಪಿಹೋಗಬಾರದು. ಬುರುಡೆ ಸಿಕ್ಕಾಗ ಸುತ್ತ ನಿಂತ ಹೆಂಗಸರ ಅಳು ಒಮ್ಮೆಲೇ ಏಳುತ್ತದೆ. ಆ ಹಿರಿಯರು ಸತ್ತಾಗ ಹುಟ್ಟಿಯೇ ಇರದಿದ್ದವರೂ ಅಳುತ್ತಾರೆ. ಎಲುಬುಗಳನ್ನು ನಿಂಬೆ, ಅರಿಸಿನ ಬೆರೆಸಿದ ನೀರಿನಲ್ಲಿ ತೊಳೆದು, ಒರೆಸಿ, ಉಲೊಸ್ ಎಂಬ ಕೈಮಗ್ಗದ ಬಟ್ಟೆಯಲ್ಲಿ ಸುತ್ತಿ ಪುಟ್ಟ ಪೆಟ್ಟಿಗೆಯಲ್ಲಿಡುತ್ತಾರೆ. ಆಮೇಲೆ ಗೊಂಡಾಂಗ್ ವಾದ್ಯದ ಬಡಿತ, ತೊರ್‌ತೊರ್ ಕುಣಿತ, ಕೋಣದ ಬಲಿ. ಕೋಣದ ಯಾವ ಭಾಗ ಯಾರ ಪಾಲಿಗೆ ಎಂಬುದನ್ನು ನೆಂಟಸ್ತನ ನಿರ್ಧರಿಸುತ್ತದೆ. ಅದರಲ್ಲಿ ತಪ್ಪಾದರೆ ವರ್ಷಗಟ್ಟಲೆ ಮುನಿಸು. ಕೊನೆಗೆ ಪೆಟ್ಟಿಗೆ ತುಗುವಿನ ಮೇಲಂತಸ್ತಿಗೆ ಏರುತ್ತದೆ.

ಇದರ ಹಿಂದೆ ಹಳೆಯದೊಂದು ಆತ್ಮವಿಚಾರವಿದೆ. ಬಟಾಕರ ಪ್ರಕಾರ ಬದುಕಿರುವವರಲ್ಲಿ ಇರುವುದು ತೊಂಡಿ ಎಂಬ ಜೀವಶಕ್ತಿ. ಸತ್ತ ಮೇಲೆ ಉಳಿಯುವುದು ಬೆಗು. ಬೆಗುವಿಗೆ ನೆಲೆಯಿಲ್ಲ, ಅದನ್ನು ಅಸಡ್ಡೆ ಮಾಡಿದರೆ ಮನೆಗೆ ಕಾಟ. ವಂಶ ಬೆಳೆದು, ಹಣ ಕೂಡಿ, ಮಕ್ಕಳು ದೊಡ್ಡ ಹಬ್ಬ ಮಾಡಿ ಎಲುಬನ್ನು ಎತ್ತರಕ್ಕೆ ಏರಿಸಿದಾಗ ಅದೇ ಬೆಗು ಸುಮಂಗೊತ್ ಆಗುತ್ತದೆ, ಅಂದರೆ ಕುಲವನ್ನು ಕಾಯುವ ಹಿರಿಯ. ಹಿರಿಯನ ಪದವಿ ಆತ ಬದುಕಿದ್ದಾಗ ಮಾಡಿದ ಪಾಪಪುಣ್ಯದಿಂದ ನಿರ್ಧಾರವಾಗುವುದಿಲ್ಲ, ಹಿಂದೆ ಉಳಿದವರ ಏಳಿಗೆಯಿಂದ ನಿರ್ಧಾರವಾಗುತ್ತದೆ. ಸಂತಾನ, ಸಂಪತ್ತು, ಮಾನ ಇವು ಮೂರೇ ಬಟಾಕರ ಪುರುಷಾರ್ಥ. ಎಲ್ಲ ಮಕ್ಕಳ ಮದುವೆ ಮಾಡಿ ಮೊಮ್ಮಕ್ಕಳ ಮುಖ ನೋಡಿ ಸತ್ತವರದು ಸಾವುರ್ ಮತುವಾ, ಪೂರ್ಣ ಮರಣ. ಅಂಥ ಸಾವಿನ ಮನೆಯಲ್ಲಿ ಕುಣಿತ ತಪ್ಪಲ್ಲ. ಮೋಕ್ಷ ಒಬ್ಬನೇ ನಡೆಯುವ ದಾರಿ ಎಂದುಕೊಂಡವರಿಗೆ ಈ ಲೆಕ್ಕ ವಿಚಿತ್ರ ಅನ್ನಿಸಬಹುದು. ಇಲ್ಲಿ ಸದ್ಗತಿಯೂ ಕೂಡುಕುಟುಂಬದ ಆಸ್ತಿ.

ಕನ್ನಡದ ಓದುಗರಿಗೆ ಈ ಕುಟುಂಬದ ಒಳಗಿನ ವ್ಯವಸ್ಥೆ ಅಷ್ಟೇನೂ ದೂರದ್ದಲ್ಲ. ಪ್ರತಿ ಬಟಾಕನಿಗೂ ಮಾರ್ಗಾ ಎಂಬ ಕುಲವಿದೆ. ಗೋತ್ರದ ಹಾಗೆ ಒಂದೇ ಮಾರ್ಗಾದವರು ಅಣ್ಣ ತಂಗಿ, ಅವರ ನಡುವೆ ಮದುವೆ ಕೂಡದು. ಹುಡುಗನಿಗೆ ಹೇಳಿಮಾಡಿಸಿದ ಹೆಣ್ಣೆಂದರೆ ಸೋದರಮಾವನ ಮಗಳು. ಸೋದರಮಾವ, ಅಂದರೆ ತುಲಾಂಗ್, ಎದುರಿಗೆ ಬಂದರೆ ಎದ್ದು ನಿಲ್ಲಬೇಕಾದ ವ್ಯಕ್ತಿ. ಒಂದೇ ಒಂದು ವ್ಯತ್ಯಾಸ ನಮ್ಮ ಬೀಗರನ್ನು ಬೆಚ್ಚಿಬೀಳಿಸಬಹುದು. ನಮ್ಮಲ್ಲಿ ಹೆಣ್ಣು ಕೊಟ್ಟವರು ತಗ್ಗಿ ನಡೆದರೆ, ಅಲ್ಲಿ ಹೆಣ್ಣು ಕೊಟ್ಟ ಮನೆಯವರೇ ಮೇಲು. ಅವರನ್ನು ಹುಲಾ-ಹುಲಾ ಎನ್ನುತ್ತಾರೆ, ಅವರ ಆಶೀರ್ವಾದವಿಲ್ಲದೆ ಯಾವ ಕಾರ್ಯವೂ ನಡೆಯದು. ಎಲುಬಿಗೆ ಹೊದಿಸುವ ಉಲೊಸ್ ಬರುವುದೂ ಆ ಕಡೆಯಿಂದ. ಸ್ವಂತ ಕುಲದವರು, ಹೆಣ್ಣು ಕೊಟ್ಟವರು, ಹೆಣ್ಣು ತಂದವರು ಈ ಮೂವರನ್ನೂ ಬಟಾಕರು ಒಲೆಯ ಮೂರು ಗುಂಡುಗಳೆಂದು ಕರೆಯುತ್ತಾರೆ. ಒಂದು ಅಲುಗಿದರೂ ಮಡಕೆ ಉರುಳುತ್ತದೆ.

ಈ ದ್ವೀಪಕ್ಕೆ ಹೊರಗಿನ ದೇವರುಗಳು ಬಂದದ್ದು ಒಂದು ಸಲವಲ್ಲ. ಬಟಾಕ್ ಸೀಮೆಯ ಕಾಡಿನ ಕರ್ಪೂರ ಪಶ್ಚಿಮ ಕರಾವಳಿಯ ಬರೂಸ್ ಬಂದರಿನಿಂದ ಲೋಕಕ್ಕೆಲ್ಲ ಹೋಗುತ್ತಿತ್ತು. ಆ ಬಂದರಿನ ಲೋಬು ತುವಾದಲ್ಲಿ 1873ರಲ್ಲಿ ಸಿಕ್ಕ ತಮಿಳು ಶಾಸನದ ಕಾಲ 1088. ಅದನ್ನು ಹಾಕಿಸಿದವರು ಐನೂರ್ವರು ಎಂಬ ವರ್ತಕ ಸಂಘ, ನಮ್ಮ ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಳ್ಳುತ್ತಿದ್ದ ಅಯ್ಯಾವೊಳೆ ಐನೂರ್ವರು. ಇಂಥ ಸಂಪರ್ಕಗಳ ಗುರುತು ಬಟಾಕರ ಹಳೆಯ ದೇವತಾ ಮಂಡಲದಲ್ಲಿ ಉಳಿದಿದೆ. ಸೃಷ್ಟಿಕರ್ತ ಮುಲಾ ಜಾದಿ ನಾ ಬೊಲೊನ್ ಅವರದೇ ದೇವರು, ಆತನ ಕೆಳಗೆ ನಿಂತಿರುವವನು ಸಂಸ್ಕೃತದ ಹೆಸರು ಹೊತ್ತ ಬತಾರಾ ಗುರು. ದೇವರುಗಳು ಹಡಗು ಹತ್ತಿ ಬಂದರು, ಎಲುಬಿನ ವಿಧಿ ಮಾತ್ರ ಬಟಾಕರ ಕೈಯಲ್ಲೇ ಉಳಿಯಿತು.

ಮುಂದೆ ಬಂದ ಕ್ರೈಸ್ತ ಧರ್ಮ ಮಾತ್ರ ನೇರವಾಗಿ ಎಲುಬಿಗೇ ಕೈಹಾಕಿತು. ಜರ್ಮನಿಯ ರೆನಿಷ್ ಮಿಷನ್‌ನ ಲುಡ್ವಿಗ್ ನೊಮೆನ್ಸನ್ 1862ರಲ್ಲಿ ಸುಮಾತ್ರಕ್ಕೆ ಬಂದ, 1918ರಲ್ಲಿ ಅಲ್ಲೇ ಸತ್ತ. ಆತನ ಕಾಲದಲ್ಲಿ ತೋಬಾ ಬಟಾಕರಲ್ಲಿ ದೊಡ್ಡ ಭಾಗ ಕ್ರೈಸ್ತರಾದರು. ಮಿಷನರಿಗಳ ದೃಷ್ಟಿಯಲ್ಲಿ ಗೊಂಡಾಂಗ್ ಬಡಿತ ಭೂತಾರಾಧನೆ, ಎಲುಬಿನ ಹಬ್ಬ ವಿಗ್ರಹಾರಾಧನೆ. ಎರಡಕ್ಕೂ ನಿಷೇಧ ಬಿತ್ತು. ಜನ ಚರ್ಚಿಗೂ ಹೋದರು, ಹಿರಿಯರನ್ನೂ ಬಿಡಲಿಲ್ಲ. ಕಾಲಕ್ರಮದಲ್ಲಿ ಬಟಾಕರ ದೊಡ್ಡ ಪ್ರೊಟೆಸ್ಟೆಂಟ್ ಸಭೆಯಾದ ಎಚ್‌ಕೆಬಿಪಿ ರಾಜಿಗೆ ಬಂತು. ಎಲುಬು ಎತ್ತಬಹುದು, ಆದರೆ ಪಾದ್ರಿಯ ಪ್ರಾರ್ಥನೆಯೊಂದಿಗೆ. ಹಿರಿಯರನ್ನು ಗೌರವಿಸಬಹುದು, ಅವರಲ್ಲಿ ವರ ಬೇಡಬಾರದು.

ಬಟಾಕ್ ಕ್ರೈಸ್ತರ ಬಳಿ ಬೈಬಲ್ಲಿನ ಆಧಾರವೂ ಸಿದ್ಧವಾಗಿದೆ. ತಂದೆತಾಯಿಯನ್ನು ಗೌರವಿಸು ಎಂಬ ಆಜ್ಞೆ ಅವರು ಸತ್ತ ದಿನಕ್ಕೆ ಮುಗಿಯುತ್ತದೆಯೇ ಎಂದು ಕೇಳುತ್ತಾರೆ. ಈಜಿಪ್ಟಿನಲ್ಲಿ ಸತ್ತ ಯೋಸೇಫ ತನ್ನ ಎಲುಬನ್ನು ತಾಯ್ನೆಲಕ್ಕೆ ಒಯ್ಯಬೇಕೆಂದು ಮಾತು ತೆಗೆದುಕೊಂಡಿದ್ದ, ಮೋಶೆ ಆ ಎಲುಬನ್ನು ಹೊತ್ತೇ ಹೊರಟ. ಅವನು ಮಾಡಿದ್ದೂ ಇದನ್ನೇ ಅಲ್ಲವೇ ಎನ್ನುತ್ತಾರೆ. ಪೆಂಟೆಕೋಸ್ಟಲ್ ಪಂಥದ ಅನೇಕರು ಈ ವಾದವನ್ನು ಒಪ್ಪುವುದಿಲ್ಲ. ಒಂದೇ ಮನೆಯ ಅಣ್ಣ ತಮ್ಮಂದಿರಲ್ಲಿ ಒಬ್ಬ ಗುದ್ದಲಿ ಹಿಡಿದರೆ ಇನ್ನೊಬ್ಬ ದ್ವೀಪಕ್ಕೇ ಬಾರದಿರುವುದುಂಟು. ದೇಶವೂ ಈ ವಿಧಿಗೆ ಮನ್ನಣೆ ಕೊಟ್ಟಿದೆ ಎನ್ನಬಹುದು. 1907ರಲ್ಲಿ ಡಚ್ಚರ ಗುಂಡಿಗೆ ಸತ್ತ ಬಟಾಕ್ ಅರಸ ಹನ್ನೆರಡನೆಯ ಸಿಸಿಂಗಮಂಗರಾಜನ ಎಲುಬುಗಳನ್ನು ಸ್ವಾತಂತ್ರ್ಯ ಬಂದ ಮೇಲೆ, 1953ರಲ್ಲಿ, ತರುತುಂಗ್‌ನಿಂದ ಎತ್ತಿ ಸರೋವರದ ದಂಡೆಯ ಬಲಿಗೆಗೆ ತಂದು ಹೂಳಲಾಯಿತು.

ವಿಧಿಯ ವಿರೋಧಿಗಳ ಇನ್ನೊಂದು ಆಕ್ಷೇಪ ದೇವತಾಶಾಸ್ತ್ರದ್ದಲ್ಲ, ದುಡ್ಡಿನದು. ಒಂದು ತುಗು ಕಟ್ಟಿಸಿ, ಸಾವಿರಾರು ಜನರಿಗೆ ಉಣಬಡಿಸಿ, ಕೋಣ ಕಡಿಯುವ ಖರ್ಚಿನಲ್ಲಿ ಎಷ್ಟು ಮಕ್ಕಳನ್ನು ಓದಿಸಬಹುದಿತ್ತು? ಊರಲ್ಲಿರುವ ರೈತ ಅಣ್ಣ ಸಾಲ ಮಾಡುತ್ತಾನೆ, ಜಕಾರ್ತದ ವಕೀಲ ತಮ್ಮ ಅಮೃತಶಿಲೆ ಹಾಕಿಸಿ ಹೆಸರು ಕೆತ್ತಿಸುತ್ತಾನೆ. ಹಿರಿಯರ ಮಾನವೋ ಕಿರಿಯರ ಮೆರೆದಾಟವೋ ಹೇಳುವುದು ಕಷ್ಟ. ಆಕ್ಷೇಪದಲ್ಲಿ ಹುರುಳಿದೆ. ಆದರೂ ಅದೇ ಹಬ್ಬದಲ್ಲಿ ನಗರದಲ್ಲಿ ಬೆಳೆದ ಮಗು ತಾನು ಮೂಲಪುರುಷನಿಂದ ಎಷ್ಟನೆಯ ತಲೆಮಾರು ಎಂದು ಕಲಿಯುತ್ತದೆ, ಯಾರನ್ನು ಏನೆಂದು ಕರೆಯಬೇಕೆಂದು ತಿಳಿಯುತ್ತದೆ. ಗುರುತಿಲ್ಲದ ಇಬ್ಬರು ಬಟಾಕರು ಎದುರಾದರೆ ಮೊದಲು ಮಾರ್ಗಾ ಕೇಳಿ, ತಾರೊಂಬೊ ಎಂಬ ವಂಶಾವಳಿ ಬಿಡಿಸಿ, ನೆಂಟಸ್ತನ ಹೊಂದಿಸಿಕೊಂಡ ಮೇಲೆಯೇ ಮುಂದಿನ ಮಾತು.

ಇಷ್ಟೆಲ್ಲ ನಡೆಯುವ ನೆಲದ ಕಥೆ ಎಲುಬಿನ ಕಥೆಗಿಂತ ವಿಸ್ಮಯದ್ದು. ಸುಮಾರು 74,000 ವರ್ಷಗಳ ಹಿಂದೆ ಇಲ್ಲಿ ಸಿಡಿದ ಜ್ವಾಲಾಮುಖಿಯದು ಕಳೆದ ಇಪ್ಪತ್ತು ಲಕ್ಷ ವರ್ಷಗಳ ಅತಿ ದೊಡ್ಡ ಸ್ಫೋಟಗಳಲ್ಲೊಂದು. ಒಡಲು ಬರಿದಾಗಿ ನೆಲ ಕುಸಿದು ಸುಮಾರು 100 ಕಿಲೋಮೀಟರ್ ಉದ್ದ, 30 ಕಿಲೋಮೀಟರ್ ಅಗಲದ ಕುಳಿ ಬಿತ್ತು. ಅದರಲ್ಲಿ ಸಿಹಿನೀರು ತುಂಬಿ ತೋಬಾ ಸರೋವರವಾಯಿತು, ಆಳ 500 ಮೀಟರಿಗೂ ಹೆಚ್ಚು. ಬಳಿಕ ಕೆಳಗಿನ ಶಿಲಾರಸದ ಒತ್ತಡಕ್ಕೆ ಸರೋವರದ ತಳವೇ ನೂರಾರು ಮೀಟರ್ ಮೇಲೆದ್ದಿತು. ಹಾಗೆ ಎದ್ದ ತಳವೇ ಸಮೋಸಿರ್. ದ್ವೀಪದ ಮೇಲ್ಭಾಗದಲ್ಲಿ ಇಂದಿಗೂ ಸರೋವರದ ಹೂಳಿನ ಪದರಗಳು ಸಿಗುತ್ತವೆ. ಆ ಸ್ಫೋಟದ ಬೂದಿ ಭಾರತಕ್ಕೂ ಬಂದು ಬಿದ್ದಿತ್ತು. ಆಂಧ್ರದ ಜ್ವಾಲಾಪುರಂನಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಮೈಕೆಲ್ ಪೆಟ್ರಾಗ್ಲಿಯಾ ಮತ್ತು ಸಂಗಡಿಗರು ಅಗೆದಾಗ ಬೂದಿಯ ಕೆಳಗೂ ಮೇಲೂ ಹೆಚ್ಚುಕಡಿಮೆ ಒಂದೇ ಬಗೆಯ ಕಲ್ಲಿನ ಉಪಕರಣಗಳು ಸಿಕ್ಕವು. ಬೂದಿ ಸುರಿದ ಮೇಲೂ ಅಲ್ಲಿ ಮನುಷ್ಯರು ಬಾಳಿಕೊಂಡಿದ್ದರು ಎಂದು ಅವರು 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದರು.

ಸರೋವರ ಹುಟ್ಟಿದ್ದು ಹೇಗೆಂದು ಹೇಳಲು ಬಟಾಕರಲ್ಲಿ ಬೇರೊಂದು ಕಥೆಯಿದೆ. ರೈತನೊಬ್ಬ ಹಿಡಿದ ಮೀನು ಹೆಣ್ಣಾಗಿ ಅವನನ್ನು ಮದುವೆಯಾಗುತ್ತದೆ. ತನ್ನ ಹುಟ್ಟನ್ನು ಯಾರಿಗೂ ಹೇಳಬಾರದೆಂಬುದು ಅವಳ ಷರತ್ತು. ಅವರ ಮಗನೇ ಸಮೋಸಿರ್. ಹೊಲಕ್ಕೆ ಒಯ್ಯಬೇಕಾದ ಬುತ್ತಿಯನ್ನು ಹುಡುಗ ತಾನೇ ತಿಂದುಬಿಟ್ಟಾಗ ಅಪ್ಪ ಸಿಟ್ಟಿನಲ್ಲಿ ಅವನನ್ನು ಮೀನಿನ ಮಗ ಎಂದು ಹಂಗಿಸುತ್ತಾನೆ. ನೆಲ ಬಿರಿದು ನೀರು ಉಕ್ಕಿ ಕಣಿವೆ ಮುಳುಗುತ್ತದೆ. ವಂಶವನ್ನೇ ಮಾನವೆಂದು ಎಣಿಸುವ ಜನರ ಕಥೆಯಲ್ಲಿ ಪ್ರಳಯಕ್ಕೆ ಕಾರಣ ತಾಯಿಯ ಹುಟ್ಟನ್ನು ಎತ್ತಿ ಆಡಿದ್ದು. ಕೊಲೆಯಲ್ಲ, ಕಳವಲ್ಲ, ಒಂದು ಬೈಗುಳ.

ಹಾಗಾದರೆ ವಂಶವೇ ಇಲ್ಲದವರ ಗತಿ? ತೊಮೊಕ್‌ನಲ್ಲಿ ಪ್ರವಾಸಿ ಮಕ್ಕಳು ಮುಗಿಬಿದ್ದು ನೋಡುವ ಸಿಗಾಲೆ-ಗಾಲೆ ಬೊಂಬೆ ಹುಟ್ಟಿದ್ದು ಈ ಸಂಕಟದಿಂದ. ಆಳೆತ್ತರದ ಮರದ ಬೊಂಬೆ, ಮೈಮೇಲೆ ಉಲೊಸ್, ಹಿಂದೆ ಹಗ್ಗ ಎಳೆಯುವವನು. ಯುದ್ಧದಲ್ಲಿ ಒಬ್ಬನೇ ಮಗನನ್ನು ಕಳೆದುಕೊಂಡ ಅರಸನ ದುಃಖ ತಣಿಸಲು ಮಗನ ರೂಪದಲ್ಲಿ ಇದನ್ನು ಕಡೆದರೆಂದು ಐತಿಹ್ಯ. ಗಂಡುಸಂತಾನ ಇಲ್ಲದೆ ಸತ್ತವರ ಅಂತ್ಯಕ್ರಿಯೆಯಲ್ಲಿ, ಮಗ ಕುಣಿಯಬೇಕಾದ ಜಾಗದಲ್ಲಿ ಇದು ಕುಣಿಯುತ್ತಿತ್ತು. ದೇಹ ಇಲ್ಲದಾಗ ದೇಹವನ್ನು ಮಾಡಿಕೊಳ್ಳುವ ಈ ಯೋಚನೆ ನಮ್ಮ ವೈದಿಕರಿಗೂ ಗೊತ್ತು. ಶವ ಸಿಗದಿದ್ದರೆ 360 ಮುತ್ತುಗದ ಎಲೆಗಳಿಂದ ಪ್ರತಿಕೃತಿ ಮಾಡಿ ಸುಡುವ ವಿಧಿ ಶಾಸ್ತ್ರಗಳಲ್ಲಿದೆ. ಅಲ್ಲಿ ಇಲ್ಲದಿರುವುದು ಮಗ, ಇಲ್ಲಿ ಇಲ್ಲದಿರುವುದು ಶವ. ಎರಡೂ ಕಡೆ ವಿಧಿ ಮಾತ್ರ ನಿಲ್ಲುವಂತಿಲ್ಲ.

2018ರ ಜೂನ್ 18ರಂದು, ಶವವೇ ಸಿಗದಿದ್ದರೆ ಏನು ಗತಿ ಎಂಬ ಪ್ರಶ್ನೆ ಶಾಸ್ತ್ರ ಪುರಾಣಗಳಿಂದ ಹೊರಬಂದು ದಡದಲ್ಲಿ ನಿಂತಿತು. ಈದ್ ಹಬ್ಬ ಮುಗಿದು ಮೂರು ದಿನವಾಗಿತ್ತು, ರಜೆಯಲ್ಲಿ ಸಮೋಸಿರ್ ನೋಡಲು ಬಂದ ಸಂಸಾರಗಳು ಮನೆಗೆ ಮರಳುತ್ತಿದ್ದವು. ದ್ವೀಪದ ಸಿಮಾನಿಂದೊದಿಂದ ಎದುರು ದಂಡೆಯ ತಿಗಾರಾಸ್‌ಗೆ ಹೊರಟ ‘ಸಿನಾರ್ ಬಂಗುನ್’ ಎಂಬ ಮರದ ಹಡಗಿಗೆ ಅನುಮತಿ ಇದ್ದದ್ದು 43 ಜನರಿಗೆ. ಹತ್ತಿದ್ದವರು ಅದರ ನಾಲ್ಕು ಪಟ್ಟಿಗೂ ಹೆಚ್ಚು, ಜೊತೆಗೆ ಹತ್ತಾರು ಬೈಕು. ಸಂಜೆಯ ಗಾಳಿ, ಅಲೆಗೆ ಅದು ಮಗುಚಿತು. ಬದುಕಿ ಬಂದವರು ಇಪ್ಪತ್ತರ ಆಸುಪಾಸು. ಸಿಕ್ಕ ಶವಗಳು ಬೆರಳೆಣಿಕೆಯವು. ಅಧಿಕೃತ ಲೆಕ್ಕದಲ್ಲಿ ಕಾಣೆಯಾದವರು 164 ಮಂದಿ.

ನೀರೊಳಗೆ ಇಳಿಸಿದ ಯಂತ್ರದ ಕ್ಯಾಮೆರಾಕ್ಕೆ ಸುಮಾರು 450 ಮೀಟರ್ ಆಳದಲ್ಲಿ ಬೈಕುಗಳೂ ಶವಗಳೂ ಕಂಡವು. ಕಂಡವು, ಆದರೆ ಎತ್ತಲಾಗಲಿಲ್ಲ. ಅಷ್ಟು ಆಳಕ್ಕೆ ಮುಳುಗುಗಾರರು ಇಳಿಯಲಾರರು. ಜುಲೈ 3ರಂದು ಶೋಧ ನಿಂತಿತು. ದಡದಲ್ಲಿ ಎರಡು ವಾರ ಕಾದಿದ್ದ ಮನೆಯವರಲ್ಲಿ ಕೆಲವರು ಒಪ್ಪಿದರು, ಕೆಲವರು ಶವ ಕೊಡಿ ಎಂದು ಅತ್ತರು. ಕೊನೆಗೆ ನೀರಿಗೆ ಹೂ ಚೆಲ್ಲಿ ಪ್ರಾರ್ಥಿಸಿದರು. ಸತ್ತವರಲ್ಲಿ ಮುಸ್ಲಿಮರೂ ಇದ್ದರು, ಕ್ರೈಸ್ತರೂ ಇದ್ದರು. ಶವ ಎದುರಿಗಿಲ್ಲದೆ ಸಲ್ಲಿಸುವ ನಮಾಜು ಇಸ್ಲಾಮಿನಲ್ಲಿದೆ. ಸಮುದ್ರ ತನ್ನೊಳಗಿನ ಸತ್ತವರನ್ನು ಒಪ್ಪಿಸುವ ದಿನದ ಮಾತು ಬೈಬಲ್ಲಿನಲ್ಲಿದೆ. ಎಲುಬಿಲ್ಲದೆ ಹಿರಿಯರನ್ನು ಏರಿಸಲಾಗದ ಬಟಾಕ್ ಮನೆಗಳಿಗೆ ಮಾತ್ರ ಸಿದ್ಧ ಉತ್ತರವಿರಲಿಲ್ಲ. ತಿಗಾರಾಸ್ ದಂಡೆಯಲ್ಲಿ ಈಗ ಸ್ಮಾರಕವಿದೆ. ಅದರೊಳಗೆ ಎಲುಬುಗಳಿಲ್ಲ, ಮೇಲೆ ಹೆಸರುಗಳಿವೆ.

ದುರಂತದ ಬೆನ್ನಿಗೇ ಒಂದು ಗಾಳಿಸುದ್ದಿ ಹಬ್ಬಿತು. ಅದಕ್ಕೂ ಮುಂಚೆ ಯಾರೋ ಭಾರಿ ಗಾತ್ರದ ಮೀನು ಹಿಡಿದಿದ್ದರಂತೆ, ಸರೋವರದ ಕಾವಲು ದೈವ ಅದು, ಅದರ ಶಾಪವೇ ಇದು. ಪುರಾಣದ ಮೀನು ಮೊಬೈಲಿನಲ್ಲಿ ಮರುಹುಟ್ಟು ಪಡೆಯಿತು. ದೈವದ ಕೋಪವೆಂದರೆ ಯಾರೂ ಉತ್ತರ ಕೊಡಬೇಕಾಗಿಲ್ಲ, ಅದೇ ಆ ವಿವರಣೆಯ ಅನುಕೂಲ. ನಿಜವಾಗಿ ನಡೆದದ್ದರಲ್ಲಿ ರಹಸ್ಯ ಏನೂ ಇಲ್ಲ: ಮಿತಿಮೀರಿ ಹತ್ತಿಸಿದ ಜನ, ಸಾಕಷ್ಟಿಲ್ಲದ ಲೈಫ್ ಜಾಕೆಟ್, ಕೆಟ್ಟ ಹವೆಯಲ್ಲಿ ಹೊರಡಲು ಬಿಟ್ಟ ಬಂದರು. ಹಡಗಿನ ಚಾಲಕನ ಮೇಲೂ ಸಾರಿಗೆ ಅಧಿಕಾರಿಗಳ ಮೇಲೂ ಮೊಕದ್ದಮೆ ಹೂಡಲಾಯಿತು.

ಎಲ್ಲಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಹಡಗಿನಲ್ಲಿ ಪ್ರಯಾಣಿಕರ ಪಟ್ಟಿಯೇ ಇರಲಿಲ್ಲ. ಆ 164 ಎಂಬ ಸಂಖ್ಯೆ ಬಂದದ್ದು ಮನೆಯವರು ದಡಕ್ಕೆ ಬಂದು ತಮ್ಮವರ ಹೆಸರು ಬರೆಸಿದ ಮೇಲೆ. ಹತ್ತು ಹದಿನೈದು ತಲೆಮಾರಿನ ಹಿರಿಯರ ಹೆಸರನ್ನು ಬಾಯಿಪಾಠ ಹೇಳುವ ಜನರ ನಾಡಿನಲ್ಲಿ, ಆ ಸಂಜೆ ಹಡಗು ಹತ್ತಿದ ಮಕ್ಕಳ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ.

ಸತ್ತವರಿಗೆ ಬದುಕಿರುವವರು ಏನು ಕೊಡಬೇಕು ಎಂಬುದಕ್ಕೆ ಬಟಾಕ್ ಪರಂಪರೆಯ ಉತ್ತರ ಎಲುಬು ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಹತ್ತಿರದಿಂದ ನೋಡಿದರೆ ಅದು ಲೆಕ್ಕ. ಯಾರು ಯಾರಿಗೆ ಏನಾಗಬೇಕು, ಯಾರು ಬಂದಿದ್ದಾರೆ, ಯಾರು ಬಂದಿಲ್ಲ, ಯಾರ ಪಾಲು ಯಾರಿಗೆ ಹೋಗಬೇಕು ಎಂಬ ಚಾಚೂ ತಪ್ಪದ ಲೆಕ್ಕ. ಒಬ್ಬರನ್ನೂ ಲೆಕ್ಕದಿಂದ ಬಿಡಬಾರದೆಂಬ ಹಟವೇ ಆ ಧರ್ಮದ ತಿರುಳು, ಎಲುಬು ಅದರ ರಸೀದಿ. ಆದ್ದರಿಂದಲೇ ಸಿನಾರ್ ಬಂಗುನ್‌ನಲ್ಲಿ ಆದ ಅಪಚಾರ ಶವಗಳನ್ನು ಎತ್ತಲಾಗದ್ದಲ್ಲ. ಅಪಚಾರ ಆದದ್ದು ಅದಕ್ಕೂ ಮೊದಲು, ಸಿಮಾನಿಂದೊದ ಕಟ್ಟೆಯಲ್ಲಿ, ಎಣಿಸದೆ ಹತ್ತಿಸಿದಾಗ.

ತೋಬಾ ಈಗ ಇಂಡೊನೇಷ್ಯಾ ಸರ್ಕಾರದ ದೊಡ್ಡ ಪ್ರವಾಸಿ ಯೋಜನೆಗಳಲ್ಲೊಂದು. 2020ರಲ್ಲಿ ಯುನೆಸ್ಕೊ ಅದನ್ನು ಜಾಗತಿಕ ಜಿಯೋಪಾರ್ಕ್ ಪಟ್ಟಿಗೆ ಸೇರಿಸಿತು. ಕೌಲಾಲಂಪುರ, ಸಿಂಗಪುರಗಳ ಕನ್ನಡ ಸಂಸಾರಗಳಿಗೆ ಅದು ದೂರದ ಊರೇನಲ್ಲ. ಹೋಗುವವರು ತುಗುಗಳ ಮೇಲೆ ಹತ್ತಿ ಸೆಲ್ಫಿ ತೆಗೆಯಬೇಡಿ, ಒಳಗಿರುವುದು ಯಾರದೋ ಮುತ್ತಜ್ಜಿ. ಹಬ್ಬ ನಡೆಯುತ್ತಿದ್ದರೆ ಕರೆದ ಮೇಲೆ ಹೋಗಿ. ಲಾಂಚು ಹತ್ತುವ ಮುನ್ನ ಮನೆಯ ಪ್ರತಿಯೊಬ್ಬರ ಹೆಸರೂ ಪಟ್ಟಿಗೆ ಸೇರಿತೇ ನೋಡಿ, ಮಕ್ಕಳಿಗೆ ಲೈಫ್ ಜಾಕೆಟ್ ತೊಡಿಸಿ. ಹೆಸರು ಬರೆದುಕೊಳ್ಳುವವರು ಯಾರೂ ಇಲ್ಲದಿದ್ದರೆ, ಜನ ಕಿಕ್ಕಿರಿದಿದ್ದರೆ, ಆ ಲಾಂಚು ಬಿಟ್ಟು ಮುಂದಿನದಕ್ಕೆ ಕಾಯಿರಿ.